ಜಿಗಣೆಗೆಂದು ಕಟ್ಟಿಕೊಂಡ ಉಪ್ಪು

ಸಂಡೂರಿನ ಕಾಡೊಳಗೆ ಮೂರು ದಿನದ ನಡಿಗೆಗೆ
ಕಾಲು ಕಿಲೋ ಉಪ್ಪು ಗಂಟು ಕಟ್ಟಿ ತಂದಿದ್ದ ಮಾಬುಸಾಬ.
ಜಿಗಣಿಗೆ, ಅಂದ.
ಹಾಮ್ಲಾ ನಾಯ್ಕ ಅಂಗೈ ಮರೆಯಲ್ಲಿ ಬೀಡಿ ಹಚ್ಚುತ್ತ ನಕ್ಕ:
'ನಮ್ಮ ಗುಡ್ಡದಾಗ ಜಿಗಣಿ ಇಲ್ರೀ.
ರಕ್ತ ಹೀರೋವು ಲಾರಿಯಾಗ ಬರ್ತಿದ್ವು.'

ನನ್ನ ಚೀಲ ನಾನೇ ಹೊಲಿದದ್ದು,
ಬಳ್ಳಾರಿಯ ಕಾರ್ಖಾನೆಯಲ್ಲಿ ಉಳಿದ ಜೀನ್ಸಿನ ತುಂಡುಗಳಿಂದ.
ಗಟ್ಟಿ ಅಂದುಕೊಂಡಿದ್ದೆ. ಗಟ್ಟಿಯೇ.
ಮೊದಲ ಮಳೆಗೇ ಕುಡಿದು ಕುಡಿದು
ಎಮ್ಮೆಕರುವಿನಷ್ಟು ತೂಕವಾಯಿತು.
ಒಳಗೆ ಮಂಡಕ್ಕಿ ಮುದ್ದೆಯಾಗಿ, ಸಜ್ಜೆ ರೊಟ್ಟಿ ತೊಗಲಾಗಿ
ಬೆನ್ನಿಗೆ ನೀಲಿ ಇಳಿಯತೊಡಗಿತು.

ರಾತ್ರಿ ಬಂಡೆಯಡಿ ಮೂವರಿಗೂ ಒಂದೇ ಕಂಬಳಿ.
ಕೆಳಗೆ ಹಳ್ಳ ಯಾರನ್ನೋ ಬೈಯುತ್ತಲೇ ಇತ್ತು.
ಮುಳ್ಳುಹಂದಿ ಸರಸರ ಹಾದು ಹೋಯಿತು,
ಇಲ್ಲವೇ ಮಾಬುಸಾಬ ಮಗ್ಗಲು ಬದಲಿಸಿದ.

ಎರಡನೇ ದಿನ ಮಳೆಯಲ್ಲ, ಮೋಡ.
ಮುಂದಿನವನ ಹಿಮ್ಮಡಿ, ಅದರ ಹಿಂದೆ ನನ್ನದು,
ಅಷ್ಟೇ ಜಗತ್ತು.
ದಿಂಡಿಗ, ಕಕ್ಕೆ, ಕವಳಿ ಮುಳ್ಳು
ತಾಗಿದಾಗ ಮಾತ್ರ ಹೆಸರು ಹೇಳಿದವು.
ಕೆಮ್ಮಣ್ಣು ಬೂಟಿನಡಿ ಇನ್ನೊಂದು ಬೂಟು ಕಟ್ಟಿತು.
ಕಡ್ಡಿಯಿಂದ ಕೆರೆ, ಹತ್ತು ಹೆಜ್ಜೆ, ಮತ್ತೆ ಕೆರೆ.

ಹಳೇ ನಕ್ಷೆಯಲ್ಲಿ ಮುಂದೊಂದು ಶಿಖರವಿತ್ತು,
ಹೆಬ್ಬೆಟ್ಟಿನ ಗುರುತಿನಂತೆ ಸುತ್ತಿಕೊಂಡ ಗೆರೆ.
ಅದನ್ನು ಹತ್ತಲೆಂದೇ ಬಂದವರು ನಾವು.
ಮಧ್ಯಾಹ್ನ ಮೋಡ ಒಮ್ಮೆ ಹರಿದಾಗ
ಕಾಲ ಬುಡದಿಂದಲೇ ನೆಲ
ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದಿತ್ತು;
ತಳದಲ್ಲಿ ಕೆಂಪು ನೀರು.
ನಕ್ಷೆ ತಿರುಗಿಸಿ ಹಿಡಿದೆ.
'ಹೆಂಗ ಹಿಡಿದ್ರೂ ಇದಾ ಜಾಗ,' ಅಂದ ನಾಯ್ಕ.
'ಹನ್ನೊಂದು ವರ್ಷ ಕುಣಿ ಕೊರದೀನಿ.
ಅಗಾ, ಆ ನವಿಲು ಕುಂತೈತಲ್ಲ,
ಅದರ ಮ್ಯಾಲ, ಬರೇ ಗಾಳಿ ಐತಲ್ಲ,
ಅಲ್ಲಿ ಕುಂತು ಬುತ್ತಿ ಉಣ್ಣತಿದ್ದೆ.'

ಮೂವರೂ ಆ ಗಾಳಿಯನ್ನು ನೋಡಿದೆವು.

ಅಂಚಿನಲ್ಲೇ ಕೂತು ತೊಯ್ದ ರೊಟ್ಟಿ ಬಿಚ್ಚಿದಾಗ
ಮಾಬುಸಾಬ ಮಾತಿಲ್ಲದೆ
ಉಪ್ಪಿನ ಗಂಟು ನಡುವೆ ಇಟ್ಟ.
ನಾಯ್ಕ ಒಂದು ಚಿಟಿಕೆ ತೆಗೆದುಕೊಂಡು,
'ಉಂಡ ಮನಿಗೆ...' ಅಂದ.
ಗಾದೆ ಮುಗಿಸಲಿಲ್ಲ. ರೊಟ್ಟಿ ಹರಿದ.

ಮೂರನೇ ದಿನ ಇಳಿದದ್ದು ನನಗೆ ನೆನಪಿಲ್ಲ,
ಮೊಣಕಾಲಿಗೆ ಇದೆ.
ಬಳ್ಳಾರಿಯಲ್ಲಿ ಮಳೆಯ ಸುದ್ದಿಯೇ ಇರಲಿಲ್ಲ.
ಹೆಂಡತಿ ಬೆನ್ನು ನೋಡಿ, ಕಾಲು ನೋಡಿ,
'ಯಾವ ಓಣಿಯಾಗ ಹೋಳಿ ಆಡಿ ಬಂದ್ರಿ?' ಅಂದಳು.
ಬಚ್ಚಲಲ್ಲಿ ನೀಲಿ ಎರಡು ತಂಬಿಗೆಗೆ ಹೋಯಿತು.
ಕಾಲುಚೀಲ ನಾಲ್ಕು ಸಲ ಹಿಂಡಿದೆ.
ಐದನೇ ಸಲವೂ
ಗುಡ್ಡ ಬರುತ್ತಲೇ ಇತ್ತು.