ಹೆಚ್ಚುಕಡಿಮೆ

ನೆಲದಿಂದ ಒಂದು ಮೀಟರ್ ಎತ್ತರಕ್ಕೆ
ಕ್ಯಾಲಿಪರ್ ಕಚ್ಚಿಸಿ ಕೂಗುತ್ತೇನೆ:
ಇಪ್ಪತ್ತಮೂರು. ಹತ್ತೊಂಬತ್ತು. ಮೂವತ್ತೊಂದು.
ಮೂರು ವರ್ಷದ ವಿಲೋ, ಏಳನೆಯ ಸಾಲು,
ಉತ್ತರ ಪೋಲೆಂಡಿನ ಜೌಗಿನಂಚಿನಲ್ಲಿ ಹನ್ನೊಂದು ಹೆಕ್ಟೇರು.
ಬರೆದುಕೊಳ್ಳುವವಳು ಹೊಲದೊಡತಿ ಜೆನೋಬ್ಯಾ,
ಪೆನ್ಸಿಲ್ಲಿಗೆಂದೇ
ಕೈಗವಸಿನ ಎರಡು ಬೆರಳು ಕತ್ತರಿಸಿದ್ದಾಳೆ.

ಸೂತ್ರವೇನೋ ಸರಳ. ದಪ್ಪವನ್ನು ಘಾತಕ್ಕೇರಿಸು,
ಬುಡಗಳ ಎಣಿಕೆಯಿಂದ ಗುಣಿಸು,
ನೀರು ಕಳೆ (ಅರ್ಧಕ್ಕರ್ಧ ನೀರೇ),
ಉಳಿದದ್ದು ಒಣ ತೂಕ.
ವರ್ಷಕ್ಕೆ, ಹೆಕ್ಟೇರಿಗೆ, ಎಂಟೂವರೆ ಟನ್ನು,
ಹೆಚ್ಚುಕಡಿಮೆ ಎರಡು.

"ಈ ಹೆಚ್ಚುಕಡಿಮೆ ಅಂದರೆ ಯಾರು?"
ಯಾರು ಅಂದಳು; ಏನು ಅನ್ನಲಿಲ್ಲ.
ಕರೆದೊಯ್ದು ಬೇಲಿ ಮುರಿದ ಜಾಗ ತೋರಿಸಿದಳು.
ಕೆಸರಲ್ಲಿ ಮೂಸಿನ ಸೀಳುಗೊರಸು,
ನನ್ನ ತಲೆಗಿಂತ ಒಂದು ಗೇಣು ಮೇಲೆ
ಕಚ್ಚಿ ಎಳೆದ ತುದಿಗಳು.
"ಇವನು. ಇವನ ಹೆಂಡತಿ. ಮೇ ತಿಂಗಳ ಇಬ್ಬನಿಯ ಗಡ್ಡೆ.
ಕಳೆ ಕೀಳಲು ಬಂದೇ ಬರುತ್ತೇನೆಂದ ಬೋಗ್ದಾನ್."
ಎರಡು ಟನ್ನಿನೊಳಗೆ
ಎಲ್ಲರನ್ನೂ ಒತ್ತರಿಸಿ ಕೂರಿಸಿದೆ.

ಖರ್ಚಿನ ಹಾಳೆಗೆ ಬೇರೆಯದೇ ಹಲ್ಲು.
ನೆಲ ಹೆಪ್ಪುಗಟ್ಟಿದರೆ ಕೊಯ್ಲಿನ ಯಂತ್ರ ಇಳಿದೀತು,
ಇಲ್ಲವೆಂದರೆ ಹೂತುಹೋದೀತು.
ಹೋದ ಜನವರಿ, ಪಕ್ಕದ ಹೊಲದಲ್ಲಿ,
ಯಂತ್ರ ಅಂಗಳದಲ್ಲೇ ನಿಂತು ಮೂರು ವಾರ.
ಕೆಸರು ಕೆಸರಾಗಿಯೇ ಉಳಿಯಿತು;
ಗಟ್ಟಿಯಾಗುತ್ತ ಹೋದದ್ದು ಬಾಡಿಗೆ.

ಅಡುಗೆಮನೆಯಲ್ಲಿ ಹಾಳೆ ಹರಡಿದೆವು.
ಕೊನೆಯ ಸಾಲು, ಇಂದಿನಿಂದ ಇಪ್ಪತ್ತೆರಡನೆಯ ವರ್ಷ:
ದಣಿದ ಬುಡಗಳನ್ನು ಕಿತ್ತು ನೆಲ ಬಿಡಿಸುವ ಖರ್ಚು.
ದೊಡ್ಡ ಮೊತ್ತವೇ. ಆದರೆ ಶೇಕಡಾ ಏಳರಂತೆ
ವರ್ಷ ವರ್ಷಕ್ಕೂ ಇಳಿಸುತ್ತ ಇಂದಿಗೆ ತಂದರೆ
ಕಾಲು ಪಾಲೂ ಉಳಿಯುವುದಿಲ್ಲ, ಅಂದೆ.
ಇದರಲ್ಲಿ ಮೋಸವಿಲ್ಲ. ಎಲ್ಲ ಬ್ಯಾಂಕೂ ಹೀಗೇ.

"ಆಗ ನನಗೆ ಎಪ್ಪತ್ತಾರು," ಅಂದಳು,
ಒಲೆಗೆ ಕೊರಡು ತುರುಕುತ್ತ.
"ನಿನ್ನ ಹಾಳೆಯಲ್ಲಿ ಆ ಮುದುಕಿ ಎಷ್ಟು ಅಗ್ಗ!"

ನಕ್ಕಳು. ನಾನೂ, ತಡವಾಗಿ.
ಒಲೆಯಲ್ಲಿ ಉರಿಯುತ್ತಿದ್ದದ್ದು ಬರ್ಚ್.
ವಿಲೋ ಏಕಿಲ್ಲ ಅಂದದ್ದಕ್ಕೆ
ಅದು ಊರಿಗೆ, ಇದು ನಮಗೆ, ಅಂದಳು;
ಬೇಗ ಬೆಳೆದದ್ದು ಬೇಗ ಹೋಗುತ್ತದೆ, ರಾತ್ರಿ ತಡೆಯದು.

ಮಧ್ಯಾಹ್ನ ಎಂಟನೆಯ ಸಾಲು.
ಇಪ್ಪತ್ತಾರು. ಇಪ್ಪತ್ತು.
ಆಮೇಲೆ ಬುಡವೇ ಇಲ್ಲದ ಒಂದು ಜಾಗ.
ಸೊನ್ನೆ ಅನ್ನಬೇಕೋ ಖಾಲಿ ಬಿಡಬೇಕೋ,
ನಮ್ಮ ಕಸುಬಿನಲ್ಲಿ ಇದೊಂದು ಹಳೆಯ ಜಗಳ.
ತಿರುಗಿ ನೋಡಿದೆ.
ಅವಳಾಗಲೇ ಆ ಚೌಕದಲ್ಲಿ
ಎರಡು ಪುಟ್ಟ ಕೊಂಬು ಬರೆದಿದ್ದಳು.