ಗಡ್ಡಿ

ಆಲ್ಡೋನಾದ ಇಸ್ಮೇನಿಯಾ ಬಾಯಿ
ಬಾಲ್ಕಾಂವಿನ ಕಟ್ಟಿ ಮ್ಯಾಲ ಕುಂತು
ಕೋಲಿನಿಂದ ತೋರಿಸಿದಳು, ಅಲ್ಲಿ ನೋಡು, ಅಲ್ಲಿ ನೋಡು.
ಮಾವಿನ ಮರ ಇತ್ತಂತ ಅಲ್ಲೆ. ಬಾವಿ ಇತ್ತಂತ.
ನನ್ನ ಕಣ್ಣಿಗೆ ಬರೇ ಗುಲಾಬಿ ಬಣ್ಣದ ಗುಡ್ಡ,
ಅದರ ತುಂಬ ಜೇನಹುಳದ ಗುಂಯ್ ಗುಂಯ್.

ಎಷ್ಟ ಚಂದ ಐತಲ್ರಿ ಬಾಯಿ, ಅಂದೆ.
ಚಂದ ಐತಿ ಖರೇ, ಅಂದಳು. ಆದರ ಭಾಯ್ಲಿ.
ಇಲ್ಲಿದಲ್ಲ. ಇಲ್ಲಿದನ್ನೆಲ್ಲ ಮುಚ್ಚಿ ಬೆಳೀತೈತಿ.

ಭಾಯ್ಲಿ ಅಂದರ ಹೊರಗಿನಕಿ.
ನನಗ ಬಿಡಿಸಿ ಹೇಳಬೇಕಾಗಿರಲಿಲ್ಲ.
ಮಾಪ್ಸಾದ ಶುಕ್ರವಾರದ ಸಂತ್ಯಾಗ
ಮೂವತ್ತು ವರ್ಷದ ಹಿಂದ
ನಾ ಕಲಿತ ಮೊದಲನೇ ಕೊಂಕಣಿ ಶಬ್ದ ಅದು,
ನೀರು, ಅನ್ನ ಅನ್ನೂದಕ್ಕಿಂತ ಮೊದಲ.

ಸಾಬವ್ವ ನನ್ನ ಮಾರಿ ನೋಡಿದಳು.
ನಾನು ಕುಡಗೋಲಿನ ಹಲ್ಲು ನೋಡಿದೆ.
ತಲಿಗೆ ಎಂಟುನೂರು, ಚಾ ಬ್ಯಾರೆ,
ಅಂತ ಮಾತು ಮುಗಿಸಿದೆ.

ಬಳ್ಳಿ ಕೀಳೂದು ಅಂದರ ಕೊಯ್ಯೂದಲ್ಲ.
ಮ್ಯಾಲಿಂದ ಮ್ಯಾಲ ಕೊಯ್ದರ ನಗತೈತಿ ಅದು,
ಹದಿನೈದು ದಿನದಾಗ ಹೆಂಚಿನ ಮ್ಯಾಲ ಬಂದು ಕುಂತಿರತೈತಿ.
ಮೊದಲ ನೆಲಕ್ಕ ಸಮ ಕಡೀಬೇಕು.
ಮರದ ಮ್ಯಾಲಿಂದು ಜಗ್ಗಬಾರದು, ಟೊಂಗಿ ಮುರೀತಾವ,
ಒಣಗಾಕ ಬಿಟ್ಟರ ತಾನ ಉದರತೈತಿ.
ಆಮ್ಯಾಲ ಗುದ್ದಲಿ.
ನೆಲದಾಗ ಐತಿ ಅದರ ಜೀವ,
ಗೆಣಸಿನಂಥಾ ಗಡ್ಡಿ, ಒಂದರ ಕೆಳಗ ಒಂದು,
ಮೊಳಕೈ ಆಳ, ಕೆಲವೊಂದು ಕೂಸಿನ ತಲಿಯಷ್ಟು.
ಬೆರಳಗಾತ್ರದ ತುಣುಕು ಉಳದರೂ
ಮೊದಲ ಮಳಿಗೆ ಕಣ್ಣ ಬಿಡತೈತಿ.

ಮೂರನೇ ದಿನ ಹಿತ್ತಲ ಗ್ವಾಡಿ.
ಜಗ್ಗಿದೆ. ಬಳ್ಳಿ ಜೋಡಿ ಗಿಲಾವು ಬಂತು,
ಗಿಲಾವಿನ ಜೋಡಿ ಕೆಂಪು ಮಣ್ಣು.
ಇಸ್ಮೇನಿಯಾ ಬಾಯಿ ಚೀರಿದಳು.
ಇಷ್ಟ ದಿನ ಗ್ವಾಡಿ ಬಳ್ಳಿ ಹೊತ್ತಿತ್ತೋ,
ಬಳ್ಳಿ ಗ್ವಾಡಿ ಹಿಡದಿತ್ತೋ,
ಆ ಧೂಳಿನಾಗ ಯಾರಿಗೆ ಹೇಳಾಕ ಬರತಿತ್ತು?
ಅಲ್ಲಿಂದ ಮುಂದ, ಬಿರುಕಿನೊಳಗ ಹೊಕ್ಕ
ಒಂದೊಂದ ಕುಡಿ ಚಾಕುವಿನ ತುದಿಯಿಂದ ಬಿಡಿಸಿದಿವಿ,
ಹುಣ್ಣಿಗೆ ಅಂಟಿದ ಅರಿವಿ ಬಿಡಿಸಿದಂಗ.

ಚಾ ಕೊಡೋ ಮುಂದ ಅಕಿನ ಹೇಳಿದಳು:
ನೆಟ್ಟಾಕಿ ನಮ್ಮತ್ತಿ.
ಹಡಗಿನಾಗ ಅಡಿಗಿ ಮಾಡತಿದ್ದ ಅಕಿ ತಮ್ಮ
ಹಸಿ ಟುವಾಲಿನಾಗ ಸುತ್ತಿ ತಂದಿದ್ದ ಒಂದ ಗಡ್ಡಿ.
ಅವತ್ತ ವಾಡೆಕ್ಕ ವಾಡೆ ನೋಡಾಕ ಬಂದಿತ್ತು.
ಯಾರ ಮದಿವಿ ಇದ್ದರೂ ನಮ್ಮ ಮನಿ ಹೂವ
ಇಗರ್ಜಿಗೆ ಹೋಗತಿತ್ತು.
ಹೇಳಿ, ಕಪ್ಪಿನೊಳಗ ನೋಡಕೋತ ಕುಂತಳು.
ಭಾಯ್ಲಿ ಅಂತ ಮತ್ತ ಅನಲಿಲ್ಲ.

ಐದನೇ ದಿನ ಮಧ್ಯಾಹ್ನ ಬಾವಿ ಬಾಯಿ ತೆರೀತು.
ಎಂಟು ವರ್ಷ ಬಿಸಿಲ ಕಾಣದ ನೀರು,
ತುಕ್ಕ ಹಿಡಿದ ಗಾಲಿ, ಒಂದ ಕಪ್ಪಿ.
ಕಪ್ಪಿ ನಮ್ಮನ್ನ ನೋಡಿತು.
ಎಲ್ಲಿಂದ ಬಂದಿ ಅಂತ ಅದಕ್ಕ ಯಾರೂ ಕೇಳಲಿಲ್ಲ.

ಗಡ್ಡಿ ನಾಕು ಚೀಲ ಆದವು.
ಗೊಬ್ಬರದ ಕುಣಿಗೆ ಬ್ಯಾಡ್ರಿ, ಅಂದೆ,
ಅಲ್ಲೇ ಸಂಸಾರ ಹೂಡತಾವ.
ಕಲ್ಲಿನ ಮ್ಯಾಲ ಹರವಿ ಒಣಗಿಸಿ ಸುಡ್ರಿ.

ಪೂರಾ ಹೋತೇನು? ಕೇಳಿದಳು.
ಇಲ್ರಿ ಬಾಯಿ. ಒಂದಾದರೂ ಉಳದಿರತೈತಿ.
ಮಳಿ ಬಿದ್ದ ಮ್ಯಾಲ ಒಮ್ಮೆ ಕರೀರಿ,
ನಾತಾಳಕ್ಕಿಂತ ಮೊದಲ ಒಮ್ಮೆ,
ಹಿಂಗ ನಾಕೈದು ವರ್ಷ.
ಮತ್ತ, ನನ್ನ ಹೊಟ್ಟಿಗೂ ಆತು, ಅನ್ನೂದನ್ನ
ನಾನು ಅನಲಿಲ್ಲ, ಸಾಬವ್ವ ನಕ್ಕಳು.

ಅಕಿ ನನ್ನ ನಂಬರ ಬರಕೊಂಡಳು,
ಗಿಲಾವು ಉದರಿದ ಜಾಗದಾಗ, ಇದ್ದಲಿಂದ.
ಐದು ದಿನ ಆದ ಮ್ಯಾಲ ಹೆಸರು ಕೇಳಿದಳು.
ನೀಲಗಂಗವ್ವ, ಅಂದೆ.
ಉದ್ದ ಆತು ಅಂತ ನೀಲ ಅಂತಷ್ಟ ಬರದಳು.

ಇರಲಿ ಬಿಡು.
ಬುಡ ಬರಕೊಂಡಾಳಲ್ಲ.