ಎಡಗಿವಿ

ಮೂರು ದಿನದ ತರಬೇತಿ, ಕೊನೆಗೊಂದು ಪರೀಕ್ಷೆ,
ಪಾಸಾದವರಿಗೆ ಸರ್ಟಿಫಿಕೇಟು. ಮಧ್ಯಾಹ್ನ ಬಿಸಿಬೇಳೆಬಾತು.
ಕಬ್ಬನ್ ಪಾರ್ಕಿಗೆ ಬೆನ್ನು ಹಾಕಿ ನಿಂತ ನಮ್ಮ ಕೆಂಪು ಕಟ್ಟಡದಲ್ಲಿ
ಇಪ್ಪತ್ತಾರು ವರ್ಷ ಧೂಳು ಒರೆಸಿದ ಮೇಲೆ
ಒರೆಸುವುದು ಹೇಗೆಂದು ಹೇಳಿಕೊಡಲು ಬಂದವರು
ಇಂಪನಾ ಮೇಡಂ,
ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವರು.

ಮೊದಲ ದಿನ ಕೈಗವಸು.
ನೀಲಿ ರಬ್ಬರಿನದು, ಡಾಕ್ಟರು ಹಾಕಿಕೊಳ್ಳುವಂಥದು.
ಬೆರಳ ಬೆವರಲ್ಲಿ ಉಪ್ಪಿದೆ, ಉಪ್ಪು ಕಂಚನ್ನು ತಿನ್ನುತ್ತೆ ಅಂದರು.
ಇಷ್ಟು ವರ್ಷ ಆ ಕಂಚಿನ ಉಪ್ಪು ತಿಂದವಳು ನಾನು ಅಂದುಕೊಂಡಿದ್ದೆ.
ನನ್ನ ಉಪ್ಪೇ ಅದನ್ನು ತಿನ್ನುತ್ತಿತ್ತಂತೆ.
ಗವಸು ತೊಟ್ಟು ವೀರಗಲ್ಲು ಮುಟ್ಟಿದೆ.
ಕತ್ತಿಯ ತುದಿ ಎಲ್ಲಿ, ಕುದುರೆಯ ಬಾಲ ಎಲ್ಲಿ,
ಕತ್ತಲಲ್ಲೂ ಗೊತ್ತಿದ್ದ ಕೈಗೆ
ಏನೂ ತಿಳಿಯಲಿಲ್ಲ.

ಎರಡನೇ ದಿನ ಕಾಗದ, ಬಟ್ಟೆ, ಗೆದ್ದಲು, ಬಿಸಿಲು.
ಯಾವ ಕಾಗದಕ್ಕೂ ಲ್ಯಾಮಿನೇಷನ್ ಮಾಡಿಸಬೇಡಿ,
ಉಸಿರು ಕಟ್ಟಿಸಿ ಕೊಲ್ಲುತ್ತೆ ಅಂದರು.
ಹಿಂದಿನ ಬೆಂಚಿನಿಂದ ಗಾರ್ಡ್ ಅಂತೋಣಪ್ಪ
"ಆಧಾರ್ ಕಾರ್ಡು?" ಅಂದ. ಎಲ್ಲರೂ ನಕ್ಕೆವು.

ಮೂರನೇ ದಿನ ಸ್ಥಿತಿ ವರದಿ.
"ಕಂಡದ್ದನ್ನು ಬರೆಯಿರಿ, ಗೊತ್ತಿರೋದನ್ನಲ್ಲ.
ಬಿರುಕು ಎಷ್ಟುದ್ದ, ಚಕ್ಕೆ ಎದ್ದದ್ದು ಎಲ್ಲಿ,
ಮುರಿತ ಹಳೆಯದೋ ಹೊಸದೋ.
ಹೊಸದರ ಬಣ್ಣ ಕಣ್ಣಿಗೆ ಹೊಡೆಯುತ್ತೆ,
ಹಳೆಯದು ಮೈಯ ಬಣ್ಣಕ್ಕೇ ತಿರುಗಿರುತ್ತೆ."
ಚೀಟಿ ಎತ್ತಿಸಿದರು. ನನ್ನ ಪಾಲಿಗೆ ಬಂದದ್ದು
ಬರಬೇಕಾದದ್ದೇ:
ಗೇಣುದ್ದದ ಮಣ್ಣಿನ ಕುದುರೆ.

ಕಾಣೆಯಾದ ಭಾಗ: ಎಡಗಿವಿ. ಬರೆದೆ.
ಮುರಿತ: ಹಳೆಯದು. ಬರೆದೆ.
ಅದನ್ನು ಹಳೆಯದು ಮಾಡಿದವಳೂ ನಾನೇ,
ಸೋಮವಾರ ಸೋಮವಾರ ಒರೆಸಿ ಒರೆಸಿ.
ಏಳನೇ ಅಂಕಣ: ಕಾರಣ, ತಿಳಿದಿದ್ದರೆ.
ಕಂಡದ್ದನ್ನು ಬರೆ ಅಂದಿದ್ದಾರಲ್ಲ,
ಅಡ್ಡಗೆರೆ ಎಳೆದೆ.
ಐವತ್ತಕ್ಕೆ ನಲವತ್ತಾರು.

ಮಗಳಿಗೆ ಕಾಮಾಲೆ ಆ ವಾರ. ನಿದ್ದೆ ಇರಲಿಲ್ಲ.
ಮೊಣಕೈ ತಗುಲಿತು, ಅಷ್ಟೇ.
ಹುರಿಗಡಲೆ ಕಡಿದಷ್ಟೇ ಸದ್ದು.
ಯಾರೂ ಕೇಳಲಿಲ್ಲ, ಆಮೇಲೂ ಯಾರೂ ಕೇಳಲಿಲ್ಲ.
ಎಲೆಅಡಿಕೆ ಚೀಲದಲ್ಲಿ ಹಲಸೂರಿಗೆ ಬಂದ ಕಿವಿ
ಬೆಂಕಿಪೊಟ್ಟಣದಲ್ಲಿ, ಹತ್ತಿಯ ಮೇಲೆ, ದೇವರ ಗೂಡಿನ ಹಿಂದೆ
ಹತ್ತೊಂಬತ್ತು ವರ್ಷ.
ಬಾಡಿಗೆ ಮನೆ ಮೂರು ಸಲ ಬದಲಾಯಿಸಿದಾಗಲೂ
ದೇವರ ಪಟಕ್ಕಿಂತ ಮೊದಲು ಒಳಗೆ ಹೋದದ್ದು ಅದು.
ನಾನು ಬೈದುಕೊಂಡದ್ದು, ಅತ್ತದ್ದು, ಚೀಟಿ ದುಡ್ಡು ಮುಳುಗಿದ್ದು
ಎಲ್ಲ ಆ ಕಿವಿಗೆ ಗೊತ್ತು.

ಸರ್ಟಿಫಿಕೇಟಿನಲ್ಲಿ ಪಿಳ್ಳಮ್ಮ ಹೋಗಿ ಪಿಲ್ಲಮ್ಮ ಆಗಿತ್ತು.
ಸಂಜೆಗೇ ಮಗಳು ಅದನ್ನು ಮಾರ್ಕೆಟ್ಟಿನ ಜೆರಾಕ್ಸ್ ಅಂಗಡಿಗೆ ಒಯ್ದು
ಲ್ಯಾಮಿನೇಷನ್ ಮಾಡಿಸಿ ತಂದಳು, ಇಪ್ಪತ್ತು ರೂಪಾಯಿ.
ಎರಡನೇ ದಿನದ ಪಾಠ ಅವಳಿಗೇನು ಗೊತ್ತು?
ಚೆನ್ನಾಗಿದೆ ಕಣೇ ಅಂದೆ.
ಉಸಿರು ಕಟ್ಟಿ ಹೊಳೆಯುತ್ತಿದೆ ಗೋಡೆಯಲ್ಲಿ.

ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ.
ಮೇಡಂ ದೀಪ, ಮಸೂರ ಎಲ್ಲ ಪೆಟ್ಟಿಗೆಗೆ ತುಂಬುತ್ತಿದ್ದರು.
ಬೆಂಕಿಪೊಟ್ಟಣ ಮೇಜಿನ ಮೇಲಿಟ್ಟೆ.
ತೆರೆದರು. ಏನೂ ಕೇಳಲಿಲ್ಲ.
ಕುದುರೆ ತರಿಸಿ, ಕಿವಿಯನ್ನು ತಲೆಯ ಹತ್ತಿರ ಹಿಡಿದರು.
ಕೂತಿತು, ಕೂದಲೆಳೆ ಸಂದಿಲ್ಲದೆ.
ಆದರೆ ಕುದುರೆಯ ಕಡೆ ಮುರಿತ ಕಪ್ಪಗೆ,
ಕಿವಿಯ ಕಡೆ ಈಗಷ್ಟೇ ಮುರಿದಷ್ಟು ಕೆಂಪು.
ಎರಡೂ ಒಂದೇ ದಿನದ ಗಾಯ.

"ಎಲ್ಲಿತ್ತು?"
"ಹತ್ತೀಲಿ."
"ತೇವ?"
"ದೇವರ ಗೂಡು ಮೇಡಂ, ದಿನಾ ದೀಪ."
ಹೊಸ ಹಾಳೆ ತೆಗೆದು, ಕುದುರೆಯ ನಂಬರಿನ ಪಕ್ಕ
ಒಂದು 'ಬಿ' ಬರೆದರು.
ಶೇಖರಣೆ: ಉತ್ತಮ, ಅಂತಲೂ ಬರೆದರು, ನಾನೇ ಓದಿದೆ.
ಏಳನೇ ಅಂಕಣಕ್ಕೆ ಬಂದು
ಪೆನ್ನನ್ನು ನನ್ನ ಕಡೆ ತಿರುಗಿಸಿದರು.

ಗವಸು ಕಳಚಿದೆ.